ಸೋಲಬೇಕಿದ್ದ ಅಮೀನಪ್ಪ

ಅಮೀನಪ್ಪನ ಬಗ್ಗೆ ಬರೆಯಲು ಕೂತಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಅರ್ಧ ಅವನ ಮೇಲೆ, ಅರ್ಧ ನನ್ನ ಮೇಲೆ. ಅವನು ಕೆಟ್ಟ ಮನುಷ್ಯನಾಗಿದ್ದರೆ ಬೈದು ಮುಗಿಸಿ ಎದ್ದುಬಿಡಬಹುದಿತ್ತು. ಆದರೆ ಇಡೀ ಗುಡ್ಡದ ಓಣಿಯಲ್ಲಿ ಅವನಷ್ಟು ನಿಯತ್ತಿನವನು ಇನ್ನೊಬ್ಬನಿರಲಿಲ್ಲ. ಅವನಷ್ಟು ಚಂದ ಮಾತಾಡುವವನಂತೂ ಘಟ್ಟದ ಮೇಲೂ ಇದ್ದನೋ ಇಲ್ಲವೋ. ಆ ಮಾತೇ ಅವನನ್ನು ತಿಂದಿತು. ಜೊತೆಗೆ ನೂರಾ ಹನ್ನೆರಡು ಮನೆಗಳನ್ನೂ ತಿಂದಿತು.

ನಾನು ೧೯೮೧ರಲ್ಲಿ ಬಾಗಲಕೋಟೆ ಕಡೆಯಿಂದ ಗೋವಾದ ವಾಸ್ಕೋಗೆ ಬಂದು ಕನ್ನಡ ಶಾಲೆಯ ಮಾಸ್ತರನಾದವನು. ಶಾಲೆ ಎಂದರೆ ಗೋದಾಮೊಂದರ ಹಿಂದಿನ ಎರಡು ಕೋಣೆ, ಒಂದು ಕರಿಹಲಗೆ. ಬಂದರಿಗೆ ಅದಿರು ಹೊತ್ತು ಹೋಗುವ ಲಾರಿಗಳ ರಸ್ತೆ ದಾಟಿದರೆ ಎದುರಿಗೇ ಗುಡ್ಡ. ಅದರ ಇಳಿಜಾರಿನಲ್ಲಿ, ಸರಕಾರಿ ಜಾಗದಲ್ಲಿ, ತಗಡು, ಗೋಣಿತಾಟು, ತೆಂಗಿನ ಗರಿಯ ಮನೆಗಳ ಎರಡು ಸಾಲು. ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ಬಂದು ಹಡಗಿನ ಮಾಲು ಇಳಿಸುವವರು, ಕಟ್ಟಡಕ್ಕೆ ಕಲ್ಲು ಹೊರುವವರು ಅಲ್ಲಿದ್ದರು. ಊರಿನವರು ನಮ್ಮನ್ನೆಲ್ಲ ‘ಘಾಂಟಿ’ ಎನ್ನುತ್ತಿದ್ದರು. ಘಟ್ಟ ಇಳಿದು ಬಂದವರು ಎಂಬುದು ಅದರ ಅರ್ಥ. ಹೇಳುವ ಧಾಟಿಯಲ್ಲಿ ಬೇರೆ ಅರ್ಥಗಳೂ ಇದ್ದವು. ಅದಿರಿನ ಕೆಂಪು ಧೂಳು ಓಣಿಯವರ ಅನ್ನದ ಮೇಲೂ ಕೂರುತ್ತಿತ್ತು, ನನ್ನ ಹಾಜರಿ ಪುಸ್ತಕದ ಮೇಲೂ ಕೂರುತ್ತಿತ್ತು.

ಅಮೀನಪ್ಪ ಸಿಂದಗಿ ಸೀಮೆಯವನು. ಆರಡಿ ಎತ್ತರ, ಒಣಕಲು ಮೈ, ಸದಾ ಕೆಮ್ಮು. ಹರೆಯದಲ್ಲಿ ಹರದೇಶಿ ಮೇಳದ ಮುಖ್ಯ ಹಾಡುಗಾರನಾಗಿದ್ದ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಹಾಡಿಕೆಯಲ್ಲಿ ಎರಡು ಮೇಳ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡಬೇಕು. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಜವಾಬು ಕೊಡಬೇಕು. ದಪ್ಪು ಬಾರಿಸುವವನು ಮೂರು ಸುತ್ತು ಮುಗಿಸುವುದರೊಳಗೆ ಜವಾಬು ಬರದಿದ್ದರೆ ಸೋತಂತೆ. ಯಾವ ಪಕ್ಷ ಹಿಡಿದರೂ ಕೊನೆತನಕ ಬಿಡುವ ಹಾಗಿಲ್ಲ. ಹಾಡುವವನಿಗೆ ಒಳಗೊಳಗೆ ಏನನ್ನಿಸುತ್ತದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಅಮೀನಪ್ಪ ಒಮ್ಮೆಯೂ ಸೋತವನಲ್ಲ. ಟೂರಿಂಗ್ ಟಾಕೀಸು ಬಂದು ಹಾಡಿಕೆಗೆ ಕರೆಯುವವರು ಕಡಿಮೆಯಾದಾಗ ಮೇಳ ಮುರಿಯಿತು. ಹೆಂಡತಿ ಸುಂದರವ್ವನನ್ನು ಕರೆದುಕೊಂಡು ಗೋವಾಕ್ಕೆ ಬಂದು ಬಂದರಿನಲ್ಲಿ ಅದಿರು ಹೊರಲು ಹತ್ತಿದ. ಇಲ್ಲಿ ನೋಡಿದರೆ ಕೆಳಗಿನ ಸಾಲಿನಲ್ಲಿ ಬಾಳಮ್ಮ. ಅವಳೂ ಒಂದು ಕಾಲಕ್ಕೆ ನಾಗೇಶಿ ಹಾಡಿ ಹೆಸರಾದವಳು. ಅವನಿಗಿಂತ ಹತ್ತು ವರ್ಷ ದೊಡ್ಡವಳು, ಬಂದರದ ಗೇಟಿನ ಹತ್ತಿರ ಮೆಣಸಿನಕಾಯಿ ಭಜಿ ಕರಿದು ಮಾರುತ್ತಿದ್ದಳು. ಹಾವು ಮುಂಗುಸಿ ಒಂದೇ ಓಣಿಯಲ್ಲಿ ಮನೆ ಮಾಡಿದಂತಾಯಿತು. ಜಗಳವೂ ಅವರಿಬ್ಬರದೇ, ಒಬ್ಬರಿಗೆ ಜ್ವರ ಬಂದರೆ ಗಂಜಿ ಒಯ್ಯುವುದೂ ಅವರಿಬ್ಬರದೇ.

ಓಣಿಯವರು ಇವರಿಂದ ಒಂದು ಪದ್ಧತಿ ಮಾಡಿಕೊಂಡರು. ಬಗೆಹರಿಯದ ತಕರಾರು ಬಂದರೆ ರವಿವಾರ ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಎಲ್ಲರೂ ಕೂಡುವುದು. ಚೀಟಿ ಎತ್ತಿ ಒಂದು ಪಕ್ಷ ಅಮೀನಪ್ಪನಿಗೆ, ಇನ್ನೊಂದು ಬಾಳಮ್ಮನಿಗೆ. ಜವಾಬು ಬರದವರ ಪಕ್ಷ ಬಿತ್ತು. ಆಮೇಲೆ ಯಾರೂ ಆ ಮಾತು ಎತ್ತಬಾರದು. ಪುರಸಭೆಯವರು ಓಣಿಗೆ ಒಂದೇ ನಲ್ಲಿ ಕೊಡುತ್ತೇವೆಂದಾಗ ಮೇಲಿನ ಸಾಲಿಗೋ ಕೆಳಗಿನ ಸಾಲಿಗೋ ಎಂದು ತಲೆ ಒಡೆದುಕೊಳ್ಳುವಷ್ಟಾಗಿತ್ತು. ಅಮೀನಪ್ಪನ ಮನೆ ಮೇಲಿನ ಸಾಲಿನಲ್ಲಿ, ಚೀಟಿಯಲ್ಲಿ ಬಂದದ್ದು ಕೆಳಗಿನ ಸಾಲು. ಅವನು ಕೆಳಗಿನ ಸಾಲಿನ ಪರ ವಾದಿಸಿ ಗೆದ್ದೇಬಿಟ್ಟ. ಸುಂದರವ್ವ ಹನ್ನೆರಡು ವರ್ಷ ತಲೆಯ ಮೇಲೆ ಕೊಡ ಹೊತ್ತು ಗುಡ್ಡ ಹತ್ತಿದಳು, ಹತ್ತುವಾಗೆಲ್ಲ ಗಂಡನ ಏಳು ತಲೆಮಾರನ್ನು ನೆನೆದಳು. ನಾನು ಆಗ ನಕ್ಕಿದ್ದೆ. ನಗಬಾರದಿತ್ತು, ಎಲ್ಲವೂ ಅಲ್ಲೇ ಕಾಣುತ್ತಿತ್ತು.

೧೯೮೯ರ ಚುನಾವಣೆಗೆ ವಕೀಲ ಸಾಹೇಬರು ಬಂದರು. ಅವರ ಹೆಸರು ಇಲ್ಲಿ ಬೇಡ, ಓಣಿಯಲ್ಲಿ ಯಾರೂ ಹೆಸರು ಹಿಡಿದು ಕರೆದವರಲ್ಲ. ಅವರದು ತಕ್ಕಡಿ ಗುರುತಿನ ಪಕ್ಷ. ಅವರಿಗಿಂತ ಮೊದಲು ಬಂದವರು ಫೆಣಿ ಹೆಂಡದ ಕ್ಯಾನು ತಂದಿದ್ದರು, ಹುಡುಗರಿಗೆ ಬನಿಯನ್ನು ಹಂಚಿದ್ದರು, ‘ಏ ಘಾಂಟಿ, ನೆನಪಿಟ್ಟುಕೋ’ ಎಂದು ಬೆರಳು ತೋರಿಸಿ ಗುರುತು ಹೇಳಿದ್ದರು. ಇವರು ಬರಿಗೈಯಲ್ಲಿ ಬಂದರು. ಬಿಳಿ ಅಂಗಿ, ಚಪ್ಪಲಿಗೆ ಕೆಂಪು ಧೂಳು. ಬೇವಿನ ಗಿಡದ ಕೆಳಗೆ ನಿಂತು ಹಿಂದಿಯಲ್ಲಿ ಹೇಳಿದರು: ನಾನು ನಿಮಗೆ ಏನೂ ಕೊಡುವುದಿಲ್ಲ. ಮೂರು ಮಾತು ಹೇಳುತ್ತೇನೆ. ತೂಗಿ ನೋಡಿ. ತಪ್ಪು ಕಂಡರೆ ಹೋಗು ಎನ್ನಿ, ಹೋಗುತ್ತೇನೆ.

ಅದನ್ನು ಕನ್ನಡಕ್ಕೆ ತಿರುಗಿಸಲು ಅಮೀನಪ್ಪ ಎದ್ದು ನಿಂತ. ಅವನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹತ್ತು ವರ್ಷದಿಂದ ಆ ಊರಿನಲ್ಲಿ ಅವನ ಬೆನ್ನನ್ನು ಬಿಟ್ಟು ಬೇರೇನನ್ನೂ ಯಾರೂ ಕೇಳಿರಲಿಲ್ಲ. ಇವತ್ತು ಒಬ್ಬ ದೊಡ್ಡ ಮನುಷ್ಯ ಅವನ ತಲೆ ಕೇಳುತ್ತಿದ್ದ. ಸಾಹೇಬರ ಮೂರು ಮಾತಿಗೆ ಅವನು ಮೂವತ್ತು ಮಾತು ಸೇರಿಸಿ, ಎಡಗೈಯಿಂದ ಕಿವಿ ಮುಚ್ಚಿಕೊಂಡು, ಅರ್ಧ ಹಾಡಿ ಅರ್ಧ ಹೇಳಿ ಕೂಡಿದವರ ಮೈ ಝುಮ್ಮೆನ್ನಿಸಿದ. ಬಾಳಮ್ಮ ಎದುರು ಪಕ್ಷ ಹಿಡಿದು ನಾಲ್ಕು ಸವಾಲು ಹಾಕಿದಳು, ನಾಲ್ಕಕ್ಕೂ ಜವಾಬು ಬಂತು. ಓಣಿಯ ಒಂದು ಮತವೂ ಆಚೀಚೆ ಆಗಲಿಲ್ಲ.

ಸಾಹೇಬರು ಗೆದ್ದರು. ಸುಳ್ಳು ಯಾಕೆ ಹೇಳಲಿ, ಕೆಲಸವನ್ನೂ ಮಾಡಿದರು. ರೇಷನ್ ಕಾರ್ಡು ಕೊಡಿಸಿದರು. ಗುಡಿಸಲು ಕೆಡವಲು ನೋಟೀಸು ಬಂದಾಗ ಪಣಜಿಯ ಕೋರ್ಟಿಗೆ ತಾವೇ ಹೋಗಿ ತಡೆಯಾಜ್ಞೆ ತಂದರು. ಅಮೀನಪ್ಪನ ಎದೆ ಅದಿರಿನ ಧೂಳಿಗೆ ಕೆಟ್ಟು ರಕ್ತ ಬರಲು ಹತ್ತಿದಾಗ ಪರಿಚಯದವರ ಗೋದಾಮಿನಲ್ಲಿ ಅವನಿಗೆ ಕಾವಲಿನ ಖಾಯಂ ನೌಕರಿ ಕೊಡಿಸಿದರು. ಆ ನೌಕರಿ ಇಲ್ಲದಿದ್ದರೆ ಅವನು ೧೯೯೧ ದಾಟುತ್ತಿರಲಿಲ್ಲ ಎಂದು ಸುಂದರವ್ವ ಇವತ್ತಿಗೂ ಹೇಳುತ್ತಾಳೆ.

ಆಮೇಲೆ ಒಂದು ಬೆಳಿಗ್ಗೆ ಸಾಹೇಬರು ತಕ್ಕಡಿ ಬಿಟ್ಟು ಏಣಿ ಗುರುತಿನ ಪಕ್ಷ ಸೇರಿದ ಸುದ್ದಿ ಪೇಪರಿನಲ್ಲಿ ಬಂತು. ಒಬ್ಬರೇ ಹೋಗಿರಲಿಲ್ಲ, ಒಂದು ಗುಂಪೇ ಹೋಗಿತ್ತು. ಆ ಕಾಲದ ಗೋವಾದಲ್ಲಿ ಇದು ಹೊಸದೇನಲ್ಲ; ನಮ್ಮ ಹುಡುಗರು ಮುಖ್ಯಮಂತ್ರಿ ಯಾರು ಎಂಬ ಪ್ರಶ್ನೆಗೆ ಪರೀಕ್ಷೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ನನ್ನನ್ನು ಕೇಳಿಕೊಂಡೇ ಒಳಗೆ ಹೋಗುತ್ತಿದ್ದರು. ಸಾಹೇಬರು ಓಣಿಗೆ ಬಂದು ಪಕ್ಷ ಬಿಟ್ಟಿದ್ದಕ್ಕೂ ಮೂರು ಕಾರಣ ಹೇಳಿದರು. ಅಮೀನಪ್ಪ ಅದನ್ನೂ ಕನ್ನಡಕ್ಕೆ ತಿರುಗಿಸಿದ. ಆದರೆ ಆವತ್ತು ಕಿವಿಗೆ ಕೈ ಹೋಗಲಿಲ್ಲ.

೧೯೯೪ರ ಚುನಾವಣೆಗೆ ಮೂರು ವಾರ ಇದ್ದಾಗ ಸಾಹೇಬರು ನಮ್ಮಿಬ್ಬರನ್ನೂ ಮನೆಗೆ ಕರೆಸಿದರು. ಮುಂದಿನ ಜಗುಲಿಯಲ್ಲಿ ಕುರ್ಚಿ ಕೊಟ್ಟು ಕೂರಿಸಿ, ಚಹಾ ತರಿಸಿ, ಅಚ್ಚು ಮಾಡಿಸಿದ ಒಂದು ಹಾಳೆ ಮುಂದಿಟ್ಟರು. ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ‘ವಿಚಾರ ಮಾಡಿ’ ಎಂದಿತ್ತು, ಅದರಡಿ ಮೂರು ಕಾರಣ. ಕೆಳಗೆ ಹೆಬ್ಬೆಟ್ಟು ಒತ್ತುವ ಜಾಗ. ಗುಡ್ಡದ ಓಣಿಯವರು ಇಳಿಜಾರಿನ ಜಾಗ ತಮ್ಮದಲ್ಲವೆಂದು ಒಪ್ಪಿ, ತಾವಾಗಿ ಬಿಟ್ಟುಕೊಡಬೇಕು. ಅದಕ್ಕೆ ಬದಲಾಗಿ ಊರಾಚೆಯ ಸಡ್ಯಾದ ಮೇಲೆ ಮನೆಗೊಂದು ನಿವೇಶನ. ಸಡಾ ಎಂದರೆ ಇಲ್ಲಿನವರ ಮಾತಿನಲ್ಲಿ ಗುಡ್ಡದ ಮೇಲಿನ ಬೋಳು ಬಯಲು.

“ಜಾಗ ನಮ್ಮದಲ್ಲ ಅಂತ ಒಪ್ಪಿದರೆ ಕೋರ್ಟಿನ ತಡೆಯಾಜ್ಞೆ ಹೋಗುತ್ತದಲ್ಲ ಸಾಹೇಬ್?” ಎಂದು ನಾನು ಹಿಂದಿಯಲ್ಲಿ ಕೇಳಿದೆ.

ಸಾಹೇಬರು ಸಿಟ್ಟಾಗಲಿಲ್ಲ. ಅವರು ಸಿಟ್ಟಾಗುವ ಮನುಷ್ಯರೇ ಅಲ್ಲ. “ಒಳ್ಳೆಯ ಪ್ರಶ್ನೆ ಮಾಸ್ತರ್. ತಡೆಯಾಜ್ಞೆ ಅಂದರೆ ಬೀಳುವ ಗೋಡೆಗೆ ಕೊಟ್ಟ ಕೋಲು. ಎಷ್ಟು ವರ್ಷ ಕೋಲಿನ ಕೆಳಗೆ ಮಲಗುತ್ತೀರಿ? ನಾನು ಒತ್ತಾಯ ಮಾಡುವುದಿಲ್ಲ. ನಿಮ್ಮ ಪದ್ಧತಿ ಇದೆಯಲ್ಲ, ಗಿಡದ ಕೆಳಗೆ ವಾದ ಮಾಡಿ. ಅಮೀನಪ್ಪ ನನ್ನ ಪಕ್ಷ ಹೇಳಲಿ. ಜನ ಒಪ್ಪದಿದ್ದರೆ ಬಿಟ್ಟುಬಿಡೋಣ.” ಹಾಗೆನ್ನುತ್ತಲೇ ಅಮೀನಪ್ಪನ ಕಡೆ ತಿರುಗಿ, “ಗೋದಾಮಿನವರು ನಿನ್ನ ಬಗ್ಗೆ ಕೇಳುತ್ತಿದ್ದರು. ಕೆಮ್ಮುವವನನ್ನು ಇಟ್ಟುಕೊಳ್ಳಬೇಕೋ ಬೇಡವೋ ಅಂತ. ನಾನು, ಇರಲಿ ಅಂದಿದ್ದೇನೆ,” ಎಂದರು. ಆಮೇಲೆ ಬಿಸ್ಕೀಟಿನ ತಟ್ಟೆ ನಮ್ಮ ಕಡೆ ಸರಿಸಿದರು.

ಇಬ್ಬರೂ ವಾಪಸು ಹೊರಟೆವು. ರೈಲು ಗೇಟು ಹಾಕಿತ್ತು. ಅದಿರಿನ ವ್ಯಾಗನ್ನುಗಳು ಒಂದೊಂದಾಗಿ ಹೋಗುವುದನ್ನು ನೋಡುತ್ತ ನಿಂತೆವು.

“ಮಾಸ್ತರ್ರ, ಒಲ್ಲೆ ಅಂದ್ರ ನನ್ನ ನೌಕರಿ ಹೋಗತೈತಿ. ನನ್ನ ಎದಿ ಮತ್ತ ಆ ಧೂಳಿಗಿ ತಡಿಯಂಗಿಲ್ಲ. ಹೂಂ ಅಂದ್ರ ಓಣಿ ಹೋಗತೈತಿ,” ಎಂದ.

“ಏನು ಮಾಡ್ತಿ?”

“ಸೋಲ್ತೀನ್ರಿ,” ಎಂದ. “ಅವರು ಹೇಳಿದ್ದನ್ನೆಲ್ಲಾ ಹೇಳ್ತೀನಿ. ಬಾಳಕ್ಕ ಒಂದ ಸವಾಲ್ ಹಾಕ್ತಾಳ. ಮೂರ ಸುತ್ತ ದಪ್ಪ ಬಾರಸೂತನಾ ಸುಮ್ಮ ನಿಂದರ್ತೀನಿ. ಮುಗೀತು. ಓಣಿ ಉಳೀತೈತಿ, ಸಾಹೇಬ್ರಿಗೂ ಅಮೀನಪ್ಪ ಮನಸಿಟ್ಟ ಮಾಡಿದ, ಮುದುಕಿ ಗೆದ್ದಳು ಅಂತ ಆಗತೈತಿ.”

ನನಗೆ ಆ ಉಪಾಯ ಎಷ್ಟು ಹಿಡಿಸಿತೆಂದರೆ ಅವನ ಬೆನ್ನು ತಟ್ಟಿದೆ. ಒಮ್ಮೆಯೂ ಸೋಲದವನು ಸೋಲಲು ಒಪ್ಪಿದ್ದು ಸಣ್ಣ ಮಾತಲ್ಲ. ಅವತ್ತೇ ಬಾಳಮ್ಮನ ಹತ್ತಿರ ಹೋದೆವು. ಭಜಿಯ ಹಿಟ್ಟು ಕಲಸುತ್ತಿದ್ದವಳು ಎಲ್ಲ ಕೇಳಿಸಿಕೊಂಡು, “ನಲವತ್ತ ವರ್ಷ ಹಾಡೀನಿ. ಒಳಗ ಮಾತಾಡ್ಕೊಂಡ ಎಂದೂ ಹಾಡಿಲ್ಲ,” ಎಂದಳು. ಕೈಯ ಹಿಟ್ಟು ಕೊಡವಿದಳು. ಆಮೇಲೆ, “ಆತು. ಮಂದಿ ಮನಿ ಉಳಿಯೂದಂದ್ರ ಇದೊಂದ ಪಾಪ ನನ್ನ ತಲಿ ಮ್ಯಾಲ ಇರ್ಲಿ. ಸವಾಲ್ ಹೇಳು,” ಎಂದಳು.

ಸವಾಲನ್ನು ಅಮೀನಪ್ಪನೇ ಕಟ್ಟಿಕೊಟ್ಟ. ತನಗೆ ಜವಾಬು ಸಿಗದಂಥ ಸವಾಲು ಬೇಕೆಂದು ಎರಡು ದಿನ ಹುಡುಕಿ ಕಟ್ಟಿದ್ದ: ಹೊಸ ಮನೆಯ ಬಾಗಿಲು ತೋರಿಸದವನು ಹಳೆ ಮನೆಯ ಕೀಲಿ ಯಾಕೆ ಕೇಳುತ್ತಾನೆ? ಕೇಳಿದ ತಕ್ಷಣ, ಗೆದ್ದೆವು ಅಂದುಕೊಂಡೆ. ಮೂರನೇ ಇಯತ್ತೆಯ ಹುಡುಗನಿಗೂ ತಿಳಿಯುವಂಥ ಸವಾಲು. ಇದಕ್ಕೆ ಆ ಸಾಹೇಬರ ಹತ್ತಿರವೇ ಉತ್ತರ ಇರಲಿಲ್ಲ, ಅಮೀನಪ್ಪನಿಗೆ ಎಲ್ಲಿಂದ ಬರಬೇಕು.

ರವಿವಾರ ಮಧ್ಯಾಹ್ನ ಮೂರಕ್ಕೆ ಗಿಡದ ಕೆಳಗೆ ಜನ ಕೂಡಿತು. ಸಾಹೇಬರಿಗೆ ನನ್ನ ಶಾಲೆಯ ಕುರ್ಚಿ ತಂದು ಹಾಕಿದ್ದರು. ಕಾಗದದ ಕಟ್ಟು, ಮಸಿಯ ಡಬ್ಬಿ ನನ್ನ ಮುಂದೆ. ದಪ್ಪು ಓಣಿಯ ಗಣಪ್ಪನ ಕೈಯಲ್ಲಿತ್ತು. ಅಮೀನಪ್ಪ ಎದ್ದು ಹಾಳೆಯಲ್ಲಿದ್ದ ಮೂರು ಕಾರಣಗಳನ್ನು ಹೇಳಿದ. ಇಲ್ಲಿ ಧೂಳು, ಅಲ್ಲಿ ಗಾಳಿ. ಇಲ್ಲಿ ನೋಟೀಸು, ಅಲ್ಲಿ ನಂಬರಿನ ಕಲ್ಲು. ಇಲ್ಲಿ ಮಕ್ಕಳು ಘಾಂಟಿಗಳು, ಅಲ್ಲಿ ಮನೆಯುಳ್ಳವರು. ಪಾಠ ಒಪ್ಪಿಸುವ ಹುಡುಗನ ಹಾಗೆ, ಏರಿಲ್ಲದೆ ಇಳಿವಿಲ್ಲದೆ ಹೇಳಿದ. ಜನ ಆಕಳಿಸಿದರು. ನನಗೆ ಒಳಗೊಳಗೇ ಖುಷಿ.

ಬಾಳಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. ಅವಳ ದನಿ ಒಡೆದಿತ್ತು, ಆದರೂ ಅದರಲ್ಲಿ ಹಳೆಯ ಬಿಗಿ ಇತ್ತು.

“ಹೊಸ ಮನಿ ಬಾಗಲಾ ತೋರಸದಾಂವ ಹಳೀ ಮನಿ ಕೀಲಿ ಯಾಕ ಕೇಳ್ತಾನ? ಜವಾಬ್ ಹೇಳೋ ಹರದೇಶಿ.”

ಕೂಡಿದ ಜನ ‘ಹೌದ ಹೌದ’ ಎಂದರು. ಗಣಪ್ಪ ದಪ್ಪಿನ ಮೊದಲ ಸುತ್ತು ಹಾಕಿದ. ಅಮೀನಪ್ಪ ನೆಲ ನೋಡುತ್ತ ನಿಂತಿದ್ದ. ಎರಡನೇ ಸುತ್ತು ಬಂತು, ಅವನು ಅಲುಗಲಿಲ್ಲ. ಹಿಂದೆ ಕೂತಿದ್ದ ಪರಮಣ್ಣ, ಹಡಗಿನ ಕೆಲಸದವನು, ಪಕ್ಕದವನಿಗೆ ಕೇಳುವಂತೆ ಮೆಲ್ಲಗೆ ಹೇಳಿದ: “ಮುಗೀತ ಬಿಡಪಾ, ಅಮೀನಪ್ಪನ ಕಾಲ.” ಅವನ ದನಿಯಲ್ಲಿ ಕುಹಕವಿರಲಿಲ್ಲ, ಮರುಕವಿತ್ತು. ಕುಹಕವಾಗಿದ್ದರೆ ಅಮೀನಪ್ಪ ತಡೆದುಕೊಳ್ಳುತ್ತಿದ್ದನೇನೋ.

ಮೂರನೇ ಸುತ್ತು ಅರ್ಧಕ್ಕೆ ಬಂದಿತ್ತು. ಅವನ ಎಡಗೈ ಕಿವಿಗೆ ಹೋಯಿತು.

“ಬಾಳಕ್ಕ, ನೀ ಬಾಗಲಾ ಕೇಳಾಕತ್ತೀ,” ಎಂದ. ಐದು ವರ್ಷದಿಂದ ಕೇಳದ ದನಿ ಅದು. “ಸಿಂದಗಿ ಸ್ಟ್ಯಾಂಡಿನ್ಯಾಗ ಗಂಟು ಹೊತ್ತ ಬಸ್ ಹತ್ತಿದಾಗ ಗೋವಾದ ಬಾಗಲಾ ನಿನಗ ಯಾರ ತೋರಿಸಿದ್ರು? ಹಡದವ್ವನ ಮನಿ ಹೊಸ್ತಲಾ ದಾಟಿ ಗಂಡನ ಮನಿಗಿ ಹೊಂಟಾಗ ಆ ಮನಿ ಬಾಗಲಾ ಕಂಡಿದ್ದೇನು? ಹೊಟ್ಟ್ಯಾಗಿನ ಕೂಸು ಈ ಲೋಕದ ಬಾಗಲಾ ನೋಡಿ, ಚಲೋ ಐತಿ ಅಂದ ಮ್ಯಾಲ ಹುಟ್ಟತೈತೇನು? ಕೀಲಿ ಕೊಟ್ಟ ಮ್ಯಾಲ ಬಾಗಲಾ ಕಾಣತೈತಿ. ಮೊದಲ ಬಾಗಲಾ ನೋಡೇ ಕಾಲ ಕಿತ್ತಾಂವ ಈ ಓಣ್ಯಾಗ ಯಾರರ ಇದ್ರ ಎದ್ದ ನಿಂದರ್ರಿ.”

ಯಾರೂ ಎದ್ದು ನಿಲ್ಲಲಿಲ್ಲ. ಎಲ್ಲಿಂದ ನಿಲ್ಲುತ್ತಾರೆ? ಎಲ್ಲರೂ ಕಾಣದ ಊರಿಗೆ ಗಂಟು ಹೊತ್ತು ಬಂದವರೇ. ಹೆಂಗಸರು ಕೆಲವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ಕಣ್ಣೂ ತುಂಬಿತ್ತು, ಇದನ್ನು ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಗಣಪ್ಪ ಈಗ ಬಾಳಮ್ಮನಿಗೆ ಮೂರು ಸುತ್ತು ಬಾರಿಸಿದ. ಮೋಸದ ಹಾಡಿಕೆಗೆ ಒಪ್ಪಿ ಬಂದವಳು, ಸುಳ್ಳೊಂದನ್ನು ಹೇಳಿಯಾದರೂ ದಕ್ಕಿಸಿಕೊಳ್ಳಬಹುದಿತ್ತು. ಅವಳಿಗೂ ಆ ಮಾತು ನಾಟಿತ್ತು. ಮೂರನೇ ಸುತ್ತು ಮುಗಿದಾಗ ದಪ್ಪನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಂದರೆ ಸೋತೆ ಎಂದು.

ಮೂರನೆಯವರು ಬಾಯಿ ಹಾಕಬಾರದೆಂಬುದು ಹಾಡಿಕೆಯ ನಿಯಮ. ನಾನು ಆ ನಿಯಮದ ಹಿಂದೆ ಅಡಗಿದೆ. ಅಡಗಿದ್ದಷ್ಟೇ ಅಲ್ಲ, ಸಾಲಾಗಿ ಬಂದವರ ಹೆಬ್ಬೆಟ್ಟಿಗೆ ಮಸಿ ಹಚ್ಚಿದ ಕೈಯೂ ನನ್ನದೇ. ಸಂಜೆಯೊಳಗೆ ತೊಂಬತ್ತು ಕಾಗದ ಆದವು. ಸಾಹೇಬರು ಹೋಗುವಾಗ ಅಮೀನಪ್ಪನ ಹೆಗಲ ಮೇಲೆ ಕೈಯಿಟ್ಟು, “ಕನ್ನಡ ನನಗೆ ಬರುವುದಿಲ್ಲ. ಆದರೆ ನೀನು ಹೇಳಿದ್ದು ನನ್ನ ಹಾಳೆಯಲ್ಲಿ ಇರಲಿಲ್ಲ ಅಂತ ಗೊತ್ತಾಯಿತು,” ಎಂದರು.

ಜನ ಚದುರಿದ ಮೇಲೆ ಅವನನ್ನು ಹಿಡಿದು ನಿಲ್ಲಿಸಿ ಬಾಯಿಗೆ ಬಂದಂತೆ ಬೈದೆ. ಸೋಲುತ್ತೇನೆಂದವನು ಏನು ಮಾಡಿಬಿಟ್ಟೆ, ನಿನ್ನ ನಾಲಿಗೆಗೆ ಬೆಂಕಿ ಬೀಳಲಿ ಎಂದೆ.

“ನಾ ಹೇಳಲಿಲ್ಲ ಮಾಸ್ತರ್ರ. ಅದರಷ್ಟಕ್ಕ ಅದು ಬಂತು. ಸುಮ್ಮ ನಿಂತಿದ್ನಿ ಖರೇ. ಪರಮಣ್ಣ ಅಂದದ್ದ ಕಿವಿಗಿ ಬಿತ್ತು. ಆಮ್ಯಾಲ ತಡಿಲಿಲ್ಲ,” ಎಂದ.

ಮರುದಿನ ಬೆಳಿಗ್ಗೆಯೇ ಅಮೀನಪ್ಪ ಹೋಗಿ, ಇನ್ನೂ ಕಾಗದ ಕೊಡದ ಇಪ್ಪತ್ತೆರಡು ಮನೆಗಳ ಬಾಗಿಲಲ್ಲಿ ನಿಂತು ಹೆಬ್ಬೆಟ್ಟು ಒತ್ತಬೇಡಿ ಎಂದು ಬೇಡಿಕೊಂಡ. ಪರಮಣ್ಣನ ಮನೆಗೆ ನಾನೂ ಜೊತೆಗಿದ್ದೆ.

“ಯಾಕೋ ಅಣ್ಣಾ? ನಿನ್ನಿ ನೀ ಹೇಳಿದ ಮಾತಿಗಿ ಜವಾಬ್ ಐತೇನು?” ಎಂದು ಪರಮಣ್ಣ ಕೇಳಿದ.

ಅಮೀನಪ್ಪ ಯೋಚಿಸಿದ. ಪಾಪ, ನಿಜವಾಗಿಯೂ ಯೋಚಿಸಿದ. ತನ್ನದೇ ಮಾತಿನ ಸುತ್ತ ಸಂದಿ ಹುಡುಕಿದ, ಒಂದೂ ಸಿಗಲಿಲ್ಲ.

“ಜವಾಬ್ ಇಲ್ಲ. ಆದ್ರೂ ಒತ್ತಬ್ಯಾಡ,” ಎಂದ.

“ಹಂಗ ಅಂದ್ರ ಹೆಂಗ? ವಿಚಾರ ಮಾಡ್ರಿ ಅಂತ ಐದ ವರ್ಷ ನೀನ ಕಲಿಸಿದಿ. ಈಗ ವಿಚಾರ ಬಿಡ್ರಿ ಅಂದ್ರ ಹೆಂಗ ಬಿಡೂದು?” ಎಂದು ಪರಮಣ್ಣ ನಕ್ಕು ನಮಗೆ ಚಹಾ ಇಟ್ಟ. ಆ ವಾರದಲ್ಲಿ ಇಪ್ಪತ್ತೆರಡು ಕಾಗದವೂ ಆದವು, ಅಮೀನಪ್ಪನ ಮನೆಯದನ್ನು ಸುಂದರವ್ವನೇ ಒತ್ತಿ ಕೊಟ್ಟಿದ್ದಳು.

ಜವಾಬು ನನಗೆ ಹೊಳೆದದ್ದು ಹತ್ತು ದಿನದ ಮೇಲೆ, ಹುಡುಗರ ಶುದ್ಧಬರಹ ತಿದ್ದುವಾಗ. ಊರು ಬಿಟ್ಟಾಗ ನಮ್ಮ ಕೀಲಿಯನ್ನು ಯಾರೂ ಕೇಳಿರಲಿಲ್ಲ. ನಾವೇ ಬೀಗ ಹಾಕಿ, ಕೀಲಿಯನ್ನು ಅಣ್ಣನ ಕೈಗೋ ತಮ್ಮನ ಕೈಗೋ ಕೊಟ್ಟು ಬಂದಿದ್ದೆವು. ಗೋವಾ ಒಗ್ಗದಿದ್ದರೆ ಹೋಗಿ ಮತ್ತೆ ತೆಗೆಯಬಹುದಿತ್ತು. ಇಲ್ಲಿ ಕೇಳುವವನು ಕೀಲಿಯ ಜೊತೆ ಬೀಗವನ್ನೂ ಒಯ್ಯುತ್ತಾನೆ. ಇಷ್ಟೇ ಇದ್ದದ್ದು. ಓಡಿಹೋಗಿ ಅಮೀನಪ್ಪನಿಗೆ ಹೇಳಿದೆ. ಗೋದಾಮಿನ ಗೇಟಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದವನು ಪೂರಾ ಕೇಳಿ, “ಚಲೋ ಜವಾಬ್ ಐತ್ರಿ. ಅವತ್ತ ಎಲ್ಲಿ ಇಟ್ಟಿದ್ರಿ ಇದನ್ನ?” ಎಂದ. ಕಾಗದಗಳು ಅಷ್ಟರಲ್ಲಿ ಪಣಜಿಗೆ ಹೋಗಿದ್ದವು.

ಏಣಿ ಗೆದ್ದಿತು. ಫೆಬ್ರುವರಿಯಲ್ಲಿ ತಡೆಯಾಜ್ಞೆ ತೆರವಾಯಿತು, ಮಾರ್ಚಿನಲ್ಲಿ ಯಂತ್ರ ಬಂತು. ಜನ ತಾವೇ ತಗಡು ಬಿಚ್ಚಿ, ಮಡಚಿ, ಸಾಲಾಗಿ ಲಾರಿ ಹತ್ತಿದರು. ಅಷ್ಟು ಶಿಸ್ತಿನ ತೆರವನ್ನು ತಾನು ನೋಡಿಲ್ಲವೆಂದು ಬಂದೋಬಸ್ತಿನ ಪೊಲೀಸನೊಬ್ಬ ನನಗೆ ಹೇಳಿದ. ಸಡ್ಯಾದ ಮೇಲೆ ನಂಬರಿನ ಕಲ್ಲುಗಳು ಇದ್ದವು, ನಿಜ. ಎರಡು ತಿಂಗಳಾಗುವುದರಲ್ಲಿ ಆ ಬಯಲಿಗೆ ಬೇರೆ ಹಕ್ಕುದಾರರು ಎದ್ದರು. ಅವರೂ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ತೀರ್ಪಾಗುವತನಕ ಗೋಡೆ ಎಬ್ಬಿಸುವಂತಿಲ್ಲ, ಬಾವಿ ತೋಡುವಂತಿಲ್ಲ. ಮಳೆಗಾಲ ಶುರುವಾದಾಗ ನೂರಾ ಹನ್ನೆರಡು ಮನೆಯವರು ಕಲ್ಲಿನ ಪಕ್ಕ ನೀಲಿ ಪ್ಲಾಸ್ಟಿಕ್ ಕಟ್ಟಿಕೊಂಡು ಕೂತಿದ್ದರು. ಹಿಂದಕ್ಕೆ ಹೋಗಲು ಜಾಗವಿಲ್ಲ, ಇದ್ದಲ್ಲಿ ಇರಲು ಹಕ್ಕಿಲ್ಲ. ಸಾಹೇಬರು ಬಂದು ಇದಕ್ಕೂ ಮೂರು ಕಾರಣ ಹೇಳಿ ಹೋದರು.

ಇದೆಲ್ಲ ಆಗಿ ಮೂರು ವರ್ಷ. ಅಮೀನಪ್ಪನ ನೌಕರಿ ಉಳಿದಿದೆ. ಗೋದಾಮಿನವರು ಅಲ್ಲೇ ಒಂದು ಖೋಲಿ ಕೊಡುತ್ತೇವೆಂದರೂ ಒಲ್ಲೆನೆಂದು ಸಡ್ಯಾದ ಮೇಲೇ ಇದ್ದಾನೆ, ಪಾಳಿಗೆ ಒಂದು ತಾಸು ನಡೆದು ಹೋಗುತ್ತಾನೆ. ಬೈಸಿಕೊಳ್ಳಬೇಕೆಂದು ಅವನು ಅಲ್ಲಿದ್ದಾನೆ ಎಂದು ನನಗೆ ತಿಳಿದದ್ದು ತಡವಾಗಿ. ಯಾರೂ ಬೈಯಲಿಲ್ಲ. ಟ್ಯಾಂಕರಿನ ನೀರಿಗೆ ಪಾಳಿ ಹಚ್ಚಿದಾಗ ಅವನ ಕೊಡವನ್ನು ಮುಂದಕ್ಕೆ ಸರಿಸುತ್ತಾರೆ. ಪೇಪರಿನವರು ಬಂದು, ಯಾಕೆ ಬಿಟ್ಟು ಬಂದಿರಿ ಎಂದು ಕೇಳಿದರೆ ಪರಮಣ್ಣ ಎದೆ ಮುಂದೆ ಮಾಡಿ ಹೇಳುತ್ತಾನೆ: “ನಾವೇನ ಕುಡದ ಒತ್ತಿಲ್ರಿ. ವಿಚಾರ ಮಾಡಿ ಬಂದೀವಿ. ಬಾಗಲಾ ನೋಡಿ ಯಾರ ಊರ ಬಿಡ್ತಾರ?” ಸಣ್ಣ ಮಕ್ಕಳ ಬಾಯಲ್ಲೂ ಅದೇ ಮಾತು. ಅದು ಕಿವಿಗೆ ಬಿದ್ದಾಗೆಲ್ಲ ಅಮೀನಪ್ಪ ಕೆಮ್ಮು ಬಂದವನಂತೆ ಎದ್ದು ಆಚೆ ಹೋಗುತ್ತಾನೆ.

ಹೋದ ತಿಂಗಳು ನನ್ನನ್ನು ಕರೆದುಕೊಂಡು ಬಾಳಮ್ಮನ ಹತ್ತಿರ ಹೋದ. ಅವಳಿಗೆ ಈಗ ಬಂದರದತನಕ ನಡೆಯಲು ಆಗುವುದಿಲ್ಲ. ಪ್ಲಾಸ್ಟಿಕ್ಕಿನ ಕೆಳಗೆ ಕೂತು ಮೆಣಸಿನಕಾಯಿ ಸೀಳುತ್ತಿದ್ದಳು.

“ಅಕ್ಕಾ, ಬರೂ ಐತಾರ ಮಂದಿ ಕೂಡಸೋಣು. ಅದ ಸವಾಲ್ ಮತ್ತ ಹಾಕು. ಮಾಸ್ತರ್ರ ಕಡೆ ಜವಾಬ್ ಐತಿ, ಬಾಯಿಪಾಠ ಮಾಡ್ಕೋ. ಎಲ್ಲಾರ ಮುಂದ ನನ್ನ ಸೋಲಸು,” ಎಂದ ಅಮೀನಪ್ಪ.

“ಸೋಲಸಿದ್ರ ಏನಾಗತೈತಿ?”

“ನಾ ಹೇಳಿದ್ದು ಸುಳ್ಳು ಅಂತ ಗೊತ್ತಾಗತೈತಿ. ಬೈತಾರ. ಯಾರರ ಒಬ್ಬರು ಬೈಲಿ ಅಕ್ಕಾ. ನನಗ ಇದು ತಡ್ಯಾಕ ಆಗವಲ್ದು.”

ಬಾಳಮ್ಮ ನನ್ನ ಜವಾಬನ್ನು ಒಮ್ಮೆ ಹೇಳಿಸಿ ಕೇಳಿದಳು. ತಲೆದೂಗಿದಳು. ಆಮೇಲೆ ಮತ್ತೆ ಚಾಕು ಕೈಗೆ ತೆಗೆದುಕೊಂಡಳು.

“ಜವಾಬ್ ಖರೇ ಐತಿ,” ಎಂದಳು. “ಆದ್ರ ನಾ ಹೇಳಂಗಿಲ್ಲ ತಮ್ಮಾ. ಇಷ್ಟ ಮಂದಿ ಮಳ್ಯಾಗ, ಬಿಸಲಾಗ ಪ್ಲಾಸ್ಟಿಕ್ ತೆಳಗ ಹೆಂಗ ಕುಂತಾರ ಗೊತ್ತೇನು? ತಿಳದ ಬಂದೀವಿ ಅನ್ನೂದೊಂದ ಧೈರ್ಯದ ಮ್ಯಾಲ ಕುಂತಾರ. ನಿನ್ನ ಸೋಲಸಿದ್ರ ಇವ್ರೆಲ್ಲಾ ಹುಚ್ಚರಾಗ್ತಾರ. ಮನಿ ಹ್ವಾದದ್ದ ಸಾಕು. ನೀ ಗೆದ್ದಾಂವ ಇರು.”

ಎರಡರ ಪಾಳಿಗೆ ಹೊತ್ತಾಯಿತೆಂದು ಅಮೀನಪ್ಪನನ್ನು ನಾನೇ ಎಬ್ಬಿಸಿದೆ. ನೀಲಿ ಪ್ಲಾಸ್ಟಿಕ್ಕಿನ ಸಾಲಿನ ನಡುವೆ ಅವನು ಹೋಗುವಾಗ ಬಾಗಿಲಿಲ್ಲದ ಮನೆಗಳಿಂದ ಒಬ್ಬೊಬ್ಬರಾಗಿ ಎದ್ದು ನಿಂತು, “ಹೊಂಟ್ರೇನ್ರಿ ಅಮೀನಪ್ಪಣ್ಣ” ಎಂದು ಕೈಮುಗಿದರು. ಅವನು ಪ್ರತಿಯೊಬ್ಬರಿಗೂ “ಹೌದ್ರಿ” ಎನ್ನುತ್ತ ಇಳಿಜಾರು ಇಳಿದು ಹೋದ.